ಮುಖಕ್ಕೆ ಬಳಿಯುವ ಕೇಕ್ ಸಾಕು, ತಿನ್ನುವ ಕೇಕ್ ಮಾಡೋಣ

ಹುಟ್ಟುಹಬ್ಬದ ಮನೆಗಳಲ್ಲಿ ಕೇಕ್ ಕತ್ತರಿಸಿದ್ದೇ ತಡ, ಅದರ ಕ್ರೀಮನ್ನು ಒಬ್ಬರ ಮುಖಕ್ಕೆ ಒಬ್ಬರು ಬಳಿಯುವುದು ಶುರುವಾಗುತ್ತದೆ. ಹಿರಿಯರು ಇದನ್ನು ಈಗಿನ ಹುಡುಗರ ಸೊಕ್ಕು ಎಂದು ಬೈಯುತ್ತಾರೆ. ನಾನು ಬೈಯುವುದಿಲ್ಲ. ಹೋಳಿಗೆಯನ್ನು ಯಾರೂ ಯಾರ ಕೆನ್ನೆಗೂ ಹಚ್ಚುವುದಿಲ್ಲ, ಮೈಸೂರು ಪಾಕನ್ನು ಯಾರೂ ತಲೆಗೆ ತಿಕ್ಕುವುದಿಲ್ಲ. ಅವು ತಿನ್ನುವ ವಸ್ತು ಎಂಬುದು ಎರಡು ವರ್ಷದ ಮಗುವಿಗೂ ಗೊತ್ತು. ಕೇಕಿನ ಮೇಲಿನ ಬಿಳಿ ನೊರೆ ತಿನ್ನುವುದಕ್ಕಲ್ಲ ಎಂದು ಹುಡುಗರು ತೀರ್ಮಾನಿಸಿದ್ದರೆ ಅವರ ತೀರ್ಪಿನಲ್ಲಿ ತಪ್ಪೇನೂ ಇಲ್ಲ.

ಆ ನೊರೆ ಹಾಲಿನ ಕೆನೆಯಲ್ಲ. ಹೆಚ್ಚಿನ ಬೇಕರಿಗಳು ಬಳಸುವುದು ‘ನಾನ್ ಡೈರಿ ವಿಪ್ಪಿಂಗ್ ಕ್ರೀಮ್’ ಎಂಬ ಪೊಟ್ಟಣದ ಸರಕನ್ನು. ತಾಳೆಬೀಜದ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿಮಾಡಿ, ನೀರು ಸಕ್ಕರೆ ಬೆರೆಸಿ, ಎಣ್ಣೆ ನೀರು ಬೇರೆಯಾಗದಂತೆ ಎಮಲ್ಸಿಫೈಯರ್ ಹಾಕಿ, ಕೊನೆಗೆ ಒಂದಿಷ್ಟು ಪರಿಮಳ ಸೇರಿಸಿದರೆ ಅದು ತಯಾರು. ಬೀಟ್ ಮಾಡಿದರೆ ಮೂರು ನಾಲ್ಕು ಪಟ್ಟು ಉಬ್ಬುತ್ತದೆ. ಅಂದರೆ ಗಾತ್ರದಲ್ಲಿ ಹೆಚ್ಚಿನ ಪಾಲು ಗಾಳಿ. (ಕೇಕನ್ನು ನಾವು ತೂಕದ ಲೆಕ್ಕದಲ್ಲಿ ಕೊಳ್ಳುವುದರಿಂದ ಗಾಳಿಗೆ ದುಡ್ಡು ಕೊಟ್ಟಂತೇನೂ ಆಗುವುದಿಲ್ಲ ಬಿಡಿ.) ಬೇಕರಿಯವರು ಇದನ್ನು ಯಾಕೆ ಹಿಡಿದುಕೊಂಡಿದ್ದಾರೆ ಎಂಬುದು ನನಗೆ ಅರ್ಥವಾಗುತ್ತದೆ: ಬೆಣ್ಣೆಗಿಂತ ಅಗ್ಗ, ಸೆಕೆಯಲ್ಲೂ ಬೇಗ ಕುಸಿಯುವುದಿಲ್ಲ, ಹಾಕಿದ ಬಣ್ಣ ಹಿಡಿಯುತ್ತದೆ.

ಆರೋಗ್ಯದ ಹೆಸರಿನಲ್ಲಿ ಹೆದರಿಸುವ ಲೇಖನ ಇದಲ್ಲ. ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ ಶೇ 2ಕ್ಕಿಂತ ಹೆಚ್ಚಿರಬಾರದು ಎಂಬ ನಿಯಮ 2022ರ ಜನವರಿಯಿಂದಲೇ ಜಾರಿಯಲ್ಲಿದೆ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಕೇಕುಗಳನ್ನು ಪರೀಕ್ಷಿಸಿದಾಗ ‘ಕೇಕಿನಲ್ಲಿ ಕ್ಯಾನ್ಸರ್’ ಎಂದು ಟಿವಿಗಳು ಕೂಗಿದವಲ್ಲ, ಆಗ ಅಸುರಕ್ಷಿತ ಎಂದು ಕಂಡುಬಂದದ್ದು 235 ಮಾದರಿಗಳಲ್ಲಿ 12. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಬಗೆಯವುಗಳಲ್ಲಿ ಕೃತಕ ಬಣ್ಣ ಮಿತಿಮೀರಿತ್ತು. ಉಳಿದ 223 ಸರಿಯಾಗಿದ್ದವು ಎಂಬುದನ್ನು ಯಾರೂ ಕೂಗಲಿಲ್ಲ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದ ನನಗೆ ‘ಕೆಮಿಕಲ್’ ಎಂಬುದನ್ನು ಬೈಗುಳವಾಗಿ ಬಳಸುವವರನ್ನು ಕಂಡರೆ ಮೊದಲಿನಿಂದಲೂ ಸಿಟ್ಟು. ನೀರೂ ಕೆಮಿಕಲ್ಲೇ. ನನ್ನ ತಕರಾರು ರುಚಿಯದು. ಆ ಕ್ರೀಮಿಗೆ ಸಿಹಿ ಬಿಟ್ಟರೆ ರುಚಿಯೇ ಇಲ್ಲ, ತಿಂದ ಮೇಲೆ ಅಂಗುಳಕ್ಕೆ ಎಣ್ಣೆಯ ಪದರವೊಂದು ಅಂಟಿಕೊಂಡು ಉಳಿಯುತ್ತದೆ. ಒಂದು ಮನೆಯ ವರ್ಷದ ದೊಡ್ಡ ಸಂಭ್ರಮಕ್ಕೆ ಇಷ್ಟು ಸಾಕೇ?

ಮಸಾಲೆಗೂ ಕೇಕಿಗೂ ನಮ್ಮ ಕಡೆ ಹಳೆಯ ನಂಟು. ಭಾರತದ ಮೊದಲ ಕ್ರಿಸ್‌ಮಸ್ ಕೇಕ್ ಎಂದು ಹೆಸರಾದದ್ದನ್ನು 1883ರಲ್ಲಿ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಮಾಡಿದರು. ಮಾಡಿಸಿಕೊಂಡ ಮರ್ಡಾಕ್ ಬ್ರೌನ್ ಅಂಜರಕಂಡಿಯ ದಾಲ್ಚಿನ್ನಿ ತೋಟದ ಸಾಹೇಬ. ಬ್ರಾಂದಿ ಸೇರಿಸು ಎಂದು ಸಾಹೇಬ ಹೇಳಿದರೆ ಬಾಪು ಗೇರುಹಣ್ಣು, ಬಾಳೆಹಣ್ಣಿನಿಂದ ಇಳಿಸಿದ ಊರಿನ ಸಾರಾಯಿಯನ್ನೇ ಬಳಸಿದರೆಂದೂ, ಸಾಹೇಬ ಅದನ್ನು ತಿಂದು ಮೆಚ್ಚಿದನೆಂದೂ ಅಲ್ಲಿನವರು ಕಥೆ ಹೇಳುತ್ತಾರೆ. ಅದಾದ ಹದಿನೈದು ವರ್ಷಕ್ಕೆ, 1898ರಲ್ಲಿ, ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು, ಅಯ್ಯಂಗಾರ್ ಬೇಕರಿಗಳ ವಂಶಾವಳಿ ಅಲ್ಲಿಂದ ಶುರು. ಆ ಬೇಕರಿಗಳ ಹನಿ ಕೇಕನ್ನೇ ನೋಡಿ. ಪಾಕದಲ್ಲಿ ನೆನೆದ ಸ್ಪಂಜು, ಮೇಲೆ ಜಾಮು, ಅದರ ಮೇಲೆ ಕೊಬ್ಬರಿ ತುರಿ. ಅದನ್ನು ಯಾರಾದರೂ ಮುಖಕ್ಕೆ ಬಳಿದದ್ದನ್ನು ನೋಡಿದ್ದೀರಾ? ನಮಗೆ ಏನು ಹಿಡಿಸುತ್ತದೆ ಎಂಬುದು ಬಾಪುವಿಗೂ ಗೊತ್ತಿತ್ತು, ಅಯ್ಯಂಗಾರರಿಗೂ ಗೊತ್ತಿತ್ತು. ಬಿಳಿ ನೊರೆ ಬಂದ ಮೇಲೆ ಅದು ಮರೆತುಹೋಯಿತು.

ಮನೆಯಲ್ಲಿ ಕೇಕ್ ಮಾಡುವುದಾದರೆ ನಮ್ಮ ನಾಲಿಗೆಗೆ ದಿನವೂ ಗೊತ್ತಿರುವ ರುಚಿಯದ್ದನ್ನೇ ಮಾಡಿ ಎಂಬುದು ನನ್ನ ವಾದ. ದಿನಕ್ಕೆ ಎರಡು ಸಲ ಶುಂಠಿ, ಏಲಕ್ಕಿ ಹಾಕಿದ ಚಹಾ ಕುಡಿಯುವ ಮನೆಗೆ ಎಸೆನ್ಸ್ ಬಾಟಲಿಯ ವೆನಿಲ್ಲಾ ಯಾಕೆ ಬೇಕು? ಮಸಾಲೆ ಕೇಕು, ನಡುವೆ ಚಹಾದ ಬೆಣ್ಣೆ ಕ್ರೀಮು. ನಮ್ಮಲ್ಲಿ ಹುಟ್ಟುಹಬ್ಬಕ್ಕೆ ಈಗ ಇದೇ.

ಕೇಕಿನ ಭಾಗ ಸುಲಭ, ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಮನೆಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಮೊಟ್ಟೆ ತಿನ್ನದವರು, ಹಾಗಾಗಿ ಮೊಸರಿನ ಕೇಕು. 360 ಗ್ರಾಂ ಮೊಸರಿಗೆ 220 ಗ್ರಾಂ ಸಕ್ಕರೆ ಹಾಕಿ ಕದಡಿ, ಮುಕ್ಕಾಲು ಚಮಚ ಅಡುಗೆ ಸೋಡಾ, ಎರಡು ಚಮಚ ಬೇಕಿಂಗ್ ಪೌಡರ್ ಸೇರಿಸಿ ಐದು ನಿಮಿಷ ಬಿಡಿ. ಮೊಸರಿನ ಹುಳಿ, ಸೋಡಾ ಕೂಡಿ ಇಂಗಾಲದ ಡೈಆಕ್ಸೈಡ್ ಬಂದು ಪಾತ್ರೆಯಲ್ಲಿ ಗುಳ್ಳೆ ಏಳುತ್ತದೆ. ಆಮೇಲೆ ವಾಸನೆಯಿಲ್ಲದ ಎಣ್ಣೆ 180 ಮಿಲಿ, ಜರಡಿ ಹಿಡಿದ ಮೈದಾ 280 ಗ್ರಾಂ. ಏಳಿಂಚಿನ ಎರಡು ತಟ್ಟೆಗಳಿಗೆ ಹಂಚಿ 175 ಡಿಗ್ರಿಯಲ್ಲಿ ಅರ್ಧ ಗಂಟೆಯ ಮೇಲೊಂದಿಷ್ಟು ಹೊತ್ತು ಬೇಯಿಸಿದರೆ ಆಯಿತು. ಓವನ್ ಇಲ್ಲದವರು ಕುಕ್ಕರಿನ ಗ್ಯಾಸ್ಕೆಟ್ಟು, ವಿಷಲ್ಲು ತೆಗೆದು, ತಳಕ್ಕೆ ಉಪ್ಪು ಹರಡಿ, ಸಣ್ಣ ಉರಿಯಲ್ಲಿ ಒಂದೊಂದಾಗಿ ಬೇಯಿಸಬಹುದು. ಮಳೆಗಾಲದ ಮಲೆನಾಡಿನಲ್ಲಿ ಕರೆಂಟನ್ನು ನಂಬುವುದಕ್ಕಿಂತ ಅದೇ ವಾಸಿ.

ಮಸಾಲೆಯಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ, ಲವಂಗ ಒಂದನ್ನು ಬಿಟ್ಟು. ದಾಲ್ಚಿನ್ನಿ ಪುಡಿ ಒಂದೂವರೆ ಚಮಚ, ಒಣಶುಂಠಿ ಪುಡಿ ಒಂದು ಚಮಚ, ಆಗಷ್ಟೇ ಕುಟ್ಟಿದ ಏಲಕ್ಕಿ ಒಂದು ಚಮಚ, ಕಾಳುಮೆಣಸು ಕಾಲು ಚಮಚ. ಲವಂಗ ನಾಲ್ಕೇ ನಾಲ್ಕು. ಅದರಲ್ಲಿರುವ ಯೂಜಿನಾಲ್ ಒಂದಿಷ್ಟು ಹೆಚ್ಚಾದರೂ ಕೇಕು ಹಲ್ಲಿನ ಡಾಕ್ಟರ ಕೋಣೆಯ ವಾಸನೆ ಹೊಡೆಯುತ್ತದೆ. ಹಸಿ ಶುಂಠಿ ಬೇಡ, ಒಣಶುಂಠಿಯೇ ಬೇಕು. ಶುಂಠಿ ಒಣಗುವಾಗ ಅದರ ಜಿಂಜರಾಲ್‌ನಲ್ಲಿ ಒಂದು ಪಾಲು ಶೋಗಾಲ್ ಆಗಿ ಬದಲಾಗುತ್ತದೆ, ಅದರ ಖಾರ ಇನ್ನೂ ಚುರುಕು. ಏಲಕ್ಕಿಯ ಪುಡಿಯನ್ನು ಪೊಟ್ಟಣದಲ್ಲಿ ಕೊಳ್ಳುವುದು ದುಡ್ಡು ದಂಡ. ಸಕಲೇಶಪುರ, ಮೂಡಿಗೆರೆ, ಕೊಡಗು ಇಷ್ಟು ಹತ್ತಿರವಿದ್ದು, ಏಲಕ್ಕಿಯಲ್ಲೇ ಹಾರ ಕಟ್ಟುವ ಹಾವೇರಿ ನಮ್ಮ ಪಕ್ಕದಲ್ಲೇ ಇದ್ದು, ಪರಿಮಳ ಹಾರಿಹೋದ ಪುಡಿಯನ್ನು ನಾವೇಕೆ ತರಬೇಕು?

ಇನ್ನು ಕ್ರೀಮು. ಜನ ಸೋಲುವುದು ಇಲ್ಲೇ. ಹೊರದೇಶದ ಪಾಕವಿಧಾನಗಳಲ್ಲಿ ಚಹಾದ ಬಟರ್‌ಕ್ರೀಮ್ ಎಂದರೆ ಸಾಮಾನ್ಯವಾಗಿ ಅರ್ಲ್ ಗ್ರೇ ಚಹಾ. ಕರಗಿಸಿದ ಬೆಣ್ಣೆಯಲ್ಲಿ ಎಲೆ ನೆನೆಸಿ, ಸೋಸಿ, ಮತ್ತೆ ಗಟ್ಟಿಯಾಗಿಸಿ ಬೀಟ್ ಮಾಡಿ ಎನ್ನುತ್ತಾರೆ. ಅವರಿಗೆ ಅದು ಸರಿ. ಅರ್ಲ್ ಗ್ರೇಗೆ ಬರ್ಗಮೋಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ ಹಾಕಿರುತ್ತಾರೆ, ಆ ಎಣ್ಣೆ ಬೆಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ನಾವು ಕುಡಿಯುವುದು ಸಿಟಿಸಿ ಚಹಾ, ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಜಜ್ಜಿ, ಹರಿದು, ಹರಳು ಹರಳಾಗಿ ಸುರುಳಿ ಮಾಡಿದ್ದು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿದ ಈ ಬಗೆಯ ಬಲವೆಲ್ಲ ಬಣ್ಣ ಮತ್ತು ಒಗರಿನಲ್ಲಿದೆ. ಒಗರು ನೀರಿಗೆ ಬಿಡುತ್ತದೆ, ಕೊಬ್ಬಿಗೆ ಬಿಡುವುದಿಲ್ಲ. ಬೆಣ್ಣೆಯಲ್ಲಿ ನೆನೆಸಿದರೆ ಪರಿಮಳವೇನೋ ಸ್ವಲ್ಪ ಬರುತ್ತದೆ, ಚಹಾ ಕುಡಿದ ತೃಪ್ತಿ ಬರುವುದಿಲ್ಲ. ನಮ್ಮ ಚಹಾಕ್ಕೆ ಹಾಲೇ ಬೇಕು. ಕುದಿಸಿಯೇ ಇಳಿಸಬೇಕು.

ಅದಕ್ಕೆ ಒಪ್ಪುವ ಕ್ರೀಮೂ ಒಂದಿದೆ, ಅಮೆರಿಕದಲ್ಲಿ ರೆಡ್ ವೆಲ್ವೆಟ್ ಕೇಕಿಗೆ ಹಿಂದೆ ಹಾಕುತ್ತಿದ್ದ ಹಳೆಯ ಕಾಲದ ಎರ್ಮಿನ್ ಫ್ರಾಸ್ಟಿಂಗ್. ಹೆಸರು ಮರೆತರೂ ಅಡ್ಡಿಯಿಲ್ಲ. ಹಾಲಿನಲ್ಲಿ ಮೈದಾ ಬೇಯಿಸಿ, ಆರಿಸಿ, ಬೆಣ್ಣೆಗೆ ಸೇರಿಸಿ ಬೀಟ್ ಮಾಡುವುದು, ಅಷ್ಟೇ. 300 ಮಿಲಿ ಹಾಲಿಗೆ ಎರಡು ದೊಡ್ಡ ಚಮಚ ಚಹಾಪುಡಿ ಹಾಕಿ ಎರಡು ಮೂರು ನಿಮಿಷ ಕುದಿಸಿ ಸೋಸಿಕೊಳ್ಳಿ. ನೀವು ಕುಡಿಯುವ ಚಹಾಕ್ಕಿಂತ ಇದು ತುಂಬಾ ಸ್ಟ್ರಾಂಗ್ ಇರಬೇಕು, ಬೆಣ್ಣೆಗೆ ಬಿದ್ದ ಮೇಲೆ ಅರ್ಧ ಸತ್ವ ಮಂಕಾಗುತ್ತದೆ. ಹಾಗೆಂದು ಹತ್ತು ನಿಮಿಷ ಕುದಿಸಿದರೆ ಕಷಾಯದ ಕಹಿ ಬರುತ್ತದೆ. ಕುದಿಸುವ ಹೊತ್ತನ್ನು ಹೆಚ್ಚಿಸಬೇಡಿ, ಪುಡಿಯನ್ನು ಹೆಚ್ಚಿಸಿ. ಪುಡಿ ಯಾವುದಾದರೂ ನಡೆಯುತ್ತದೆ. ನಾನು ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನ ಚಹಾ ಬಳಸುತ್ತೇನೆ, ನಮ್ಮ ಕಾಫಿ ಸೀಮೆಯೊಳಗೆ ಬೆಳೆದದ್ದು ಎಂಬ ಸಣ್ಣ ಅಭಿಮಾನಕ್ಕೆ. ಮಕ್ಕಳಿಗೆ ಚಹಾ ಯಾಕೆ ಎನ್ನುವವರಿಗೆ ಹೇಳುತ್ತೇನೆ, ಹದಿನಾರು ತುಂಡು ಮಾಡಿದರೆ ಒಂದೊಂದಕ್ಕೆ ಅರ್ಧ ಲೋಟ ಚಹಾದಷ್ಟೂ ಬರುವುದಿಲ್ಲ.

ಸೋಸಿದ ಹಾಲು ತಣಿದ ಮೇಲೆ 40 ಗ್ರಾಂ ಮೈದಾ, 200 ಗ್ರಾಂ ಸಕ್ಕರೆ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಮಗುವಿಗೆ ಮಾಡುವ ರಾಗಿ ಮಣ್ಣಿಯ ಹದಕ್ಕೆ ಬಂದು, ಹಸಿ ಹಿಟ್ಟಿನ ವಾಸನೆ ಹೋದಾಗ ಇಳಿಸಿ. ಇದು ಪೂರ್ತಿ ತಣ್ಣಗಾಗಬೇಕು. ‘ಬೆಚ್ಚಗಿದ್ದರೆ ಏನಾಗುತ್ತದೆ ಬಿಡಿ ಅತ್ತೆ’ ಎಂದು ನನ್ನ ಸೊಸೆ ಕೇಳುತ್ತಾಳೆ. ಬೆಣ್ಣೆ ಕರಗಿ ಸಾರಾಗುತ್ತದೆ, ಅದೇ ಆಗುವುದು. 250 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಬಿಳುಪೇರುವವರೆಗೆ ಬೀಟ್ ಮಾಡಿ, ತಣಿದ ಪಾಕವನ್ನು ಚಮಚ ಚಮಚವಾಗಿ ಸೇರಿಸುತ್ತ ಬನ್ನಿ. ನಡುವೆ ಒಡೆದು ತರಿತರಿಯಾದಂತೆ ಕಂಡರೆ ಗಾಬರಿ ಬೇಡ. ಬೆಣ್ಣೆ ತೀರಾ ತಣ್ಣಗಿದೆ ಎಂದರ್ಥ, ಪಾತ್ರೆಯನ್ನು ಬಿಸಿನೀರಿನ ಮೇಲೆ ಅರೆ ನಿಮಿಷ ಹಿಡಿದು ಮತ್ತೆ ಬೀಟ್ ಮಾಡಿ. ಕೊನೆಗೆ ಚಿಟಿಕೆ ಉಪ್ಪು. ಮನೆಯಲ್ಲಿ ಕಡೆದ ಬೆಣ್ಣೆ ಯಾಕಾಗಬಾರದು ಎಂದು ಕೇಳುವವರಿದ್ದಾರೆ. ಅದರಲ್ಲಿ ಮಜ್ಜಿಗೆಯ ಅಂಶ, ನೀರು ಎರಡೂ ಹೆಚ್ಚು, ಕ್ರೀಮು ನಿಲ್ಲುವುದಿಲ್ಲ. ಅದನ್ನು ರೊಟ್ಟಿಗೇ ಇಟ್ಟುಕೊಳ್ಳಿ. ಪೇಟೆಯ ಬೆಣ್ಣೆಯಲ್ಲಿ ಶೇ 80 ಹಾಲಿನ ಕೊಬ್ಬು ಇರಲೇಬೇಕೆಂಬ ನಿಯಮವಿದೆ, ಇಲ್ಲಿ ಆ ಖಾತರಿ ಕೆಲಸಕ್ಕೆ ಬರುತ್ತದೆ.

ಕ್ರೀಮಿಗೆ ಮಸಾಲೆ ಹಾಕಲೇಬೇಡಿ. ಮಸಾಲೆ ಕೇಕಿಗೆ, ಚಹಾ ಬೆಣ್ಣೆಗೆ. ಎರಡನ್ನೂ ಎರಡರಲ್ಲೂ ಹಾಕಿದರೆ ಏಲಕ್ಕಿಯ ಅಬ್ಬರದಲ್ಲಿ ಚಹಾ ಇದೆಯೆಂಬುದೇ ಗೊತ್ತಾಗುವುದಿಲ್ಲ. ಬಾಯಲ್ಲಿ ಕೂಡಿದಾಗ ಮಾತ್ರ ಅದು ಮಸಾಲೆ ಚಹಾ ಆಗಬೇಕು. ಎರಡು ಕೇಕನ್ನೂ ಅಡ್ಡಕ್ಕೆ ಸೀಳಿ ನಾಲ್ಕು ಪದರ ಮಾಡಿ, ಪ್ರತಿ ಪದರಕ್ಕೂ ಹನಿ ಕೇಕಿನವರ ಹಾಗೆ ತೆಳು ಸಕ್ಕರೆ ಪಾಕ ಚಿಮುಕಿಸಿ, ಕ್ರೀಮ್ ಹಚ್ಚಿ ಪೇರಿಸಿ. ಸುತ್ತಲೂ ಬಳಿದು ಗೋಡೆ ಗಿಲಾವು ಮಾಡಲು ಹೋಗಬೇಡಿ. ಪದರಗಳು ಕಂಡರೇ ಚಂದ, ಬೆಣ್ಣೆಯೂ ಉಳಿಯುತ್ತದೆ. ಸಾಮಾನ್ಯ ಬಟರ್‌ಕ್ರೀಮಿನಲ್ಲಿ ಬೆಣ್ಣೆಯ ಎರಡರಷ್ಟು ತೂಕದ ಸಕ್ಕರೆ ಇರುತ್ತದೆ, 250 ಗ್ರಾಂಗೆ ಅರ್ಧ ಕಿಲೊ! ಇಲ್ಲಿ 200 ಗ್ರಾಂ. ಮಧುಮೇಹದ ನಮ್ಮ ಮನೆಯವರು ಇದನ್ನೇ ನೆಪ ಮಾಡಿಕೊಂಡು ಎರಡನೆಯ ತುಂಡಿಗೆ ಕೈ ಹಾಕುತ್ತಾರೆ ಎಂಬುದು ಬೇರೆ ಮಾತು.

ಒಂದು ತೊಡಕು ಇದ್ದೇ ಇದೆ. ಬೆಣ್ಣೆ 32ರಿಂದ 35 ಡಿಗ್ರಿಯೊಳಗೆ ಕರಗುತ್ತದೆ, ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಏಪ್ರಿಲ್ ತಿಂಗಳ ಶಿವಮೊಗ್ಗದಲ್ಲಾಗಲಿ, ವರ್ಷವಿಡೀ ಸೆಕೆಯ ಮಂಗಳೂರಿನಲ್ಲಾಗಲಿ ಈ ಕೇಕನ್ನು ಮೇಜಿನ ಮೇಲಿಟ್ಟು ನೆಂಟರಿಗೆ ಕಾಯುವಂತಿಲ್ಲ. ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷದೊಳಗೆ ಕತ್ತರಿಸಬೇಕು. ಬೇಸಿಗೆಯಲ್ಲಿ ಹುಟ್ಟಿದವರಿಗೆ ಕ್ರೀಮಿಲ್ಲದ ಮಸಾಲೆ ಕೇಕು, ಪಕ್ಕದಲ್ಲಿ ಲೋಟದ ತುಂಬ ಚಹಾ.

ಇಷ್ಟೆಲ್ಲ ಎಲ್ಲರಿಗೂ ಆಗುವುದಿಲ್ಲ ಎಂದು ಬಲ್ಲೆ. ಕೆಲಸಕ್ಕೆ ಹೋಗಿ ಸಂಜೆ ಏಳಕ್ಕೆ ಮನೆ ಮುಟ್ಟುವ ಹೆಂಗಸಿಗೆ ‘ಮೈದಾ ಮಣ್ಣಿ ತಿರುವು’ ಎಂದು ಉಪದೇಶ ಮಾಡುವಷ್ಟು ನಿರ್ದಯಿ ನಾನಲ್ಲ. ತಿರುವುವ ಕೈ ಗಂಡಸರದ್ದೂ ಆಗಬಹುದು, ನಮ್ಮಲ್ಲಿ ಬೀಟರ್ ಹಿಡಿಯುವವನು ಮಗನೇ. ಆದರೆ ಅಂಗಡಿಯಿಂದ ತರುವವರಿಗೂ ಆಯ್ಕೆ ಇರಬೇಕಲ್ಲ? ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಹಾಕಿದ್ದನ್ನು ಐಸ್‌ಕ್ರೀಮ್ ಎಂದು ಮಾರುವಂತಿಲ್ಲ, ಡಬ್ಬಿಯ ಮೇಲೆ ಫ್ರೋಜನ್ ಡೆಸರ್ಟ್ ಎಂದೇ ಬರೆಯಬೇಕು. ಬೇಕರಿಯ ಗಾಜಿನ ಕಪಾಟಿನಲ್ಲಿರುವ ಕೇಕಿನ ಮುಂದೆ ಮಾತ್ರ ಬೆಲೆಯ ಚೀಟಿ ಬಿಟ್ಟು ಬೇರೇನೂ ಇರುವುದಿಲ್ಲ. ಅದೇ ಚೀಟಿಯಲ್ಲಿ ‘ಬೆಣ್ಣೆ ಕ್ರೀಮ್’ ಅಥವಾ ‘ಎಣ್ಣೆ ಕ್ರೀಮ್’ ಎಂದು ಎರಡು ಪದ ಬರೆಯಲು ಯಾರಿಗೂ ನಷ್ಟವಿಲ್ಲ. ಬೆಣ್ಣೆಯದ್ದಕ್ಕೆ ಹೆಚ್ಚು ದುಡ್ಡು ಕೇಳಲಿ, ಕೊಡುವವರು ಕೊಡುತ್ತಾರೆ. ಮುಂದಿನ ಹುಟ್ಟುಹಬ್ಬಕ್ಕೆ ಕೇಕ್ ಹೇಳಲು ಹೋದಾಗ ಮೇಲೆ ಯಾರ ಹೆಸರು ಬರೆಯಬೇಕೆಂದು ಅವರು ಕೇಳುತ್ತಾರೆ. ಕ್ರೀಮ್ ಯಾವುದರದ್ದು ಎಂದು ನೀವೂ ಕೇಳಿ.