ಕಪ್ಪು ಗೆರೆಯ ಕಾರು

ಎದುರಾಳಿಯ ಗರಗಸಕ್ಕೆ ಸಿಕ್ಕಿ ಎರಡು ಹೋಳಾದ ಕಾರು ಮರುಗಳಿಗೆಯಲ್ಲೇ ಮತ್ತೆ ಓಡಾಡುತ್ತದೆ! ಕೆನಡಾದ ಟೊರಾಂಟೊದಲ್ಲಿ ತಯಾರಾಗಿ 2001ರಲ್ಲಿ ಬಂದ ‘ಸೆಲ್ ಡ್ಯಾಮೇಜ್’ ವಿಡಿಯೋ ಗೇಮ್‌ನಲ್ಲಿ ನಡೆಯುವುದು ಕಾರ್ಟೂನಿನ ನ್ಯಾಯ. 2014ರಲ್ಲಿ ಅದೇ ಆಟ ಇನ್ನಷ್ಟು ಸ್ಪಷ್ಟ ಚಿತ್ರಗಳೊಂದಿಗೆ ಮರಳಿತು.

ಆ ಕಾಲದ ಎಷ್ಟೋ ‘ನೈಜ’ ಆಟಗಳು ಈಗ ಪೇಲವವಾಗಿ ಕಾಣುತ್ತವೆ, ಇದು ಹಾಗಲ್ಲ. ನೆರಳು–ಬೆಳಕನ್ನು ನುಣುಪಾಗಿ ಬೆರೆಸುವ ಗೋಜಿಗೆ ಹೋಗದೆ, ಒಂದೆರಡು ಮಟ್ಟದ ಬಣ್ಣ ತುಂಬಿ ಸುತ್ತ ಕಪ್ಪು ಗೆರೆ ಎಳೆಯುವ ‘ಸೆಲ್ ಶೇಡಿಂಗ್’ ವಿಧಾನ ಇದರದು. ಗೆರೆ ಹರಿತಗೊಂಡರೆ ಚಿತ್ರವೇ ಹೊಸದಾದಂತೆ.

ನೋಟ್‌ಬುಕ್ಕಿನ ಅಂಚಿನಲ್ಲಿ ಕಾರು ಬಿಡಿಸುವ ಮಗನನ್ನು ಗದರುವ ಪಾಲಕರು ಇದನ್ನೂ ಕೇಳಬೇಕು. ಆಟಗಳಿಗೆ ಚಿತ್ರ ರೂಪಿಸುವ ಕೆಲಸ ಬೆಂಗಳೂರಿನಲ್ಲೂ ಉಂಟು. ಅಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರ್ಯಾಕ್ಟಿವ್‌ನ ಕಲಾವಿದರು ‘ಫೋರ್ಜಾ’ ಕಾರ್ ರೇಸ್ ಆಟಗಳಿಗೂ ದುಡಿದರು; 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಆ ಸಂಸ್ಥೆಯನ್ನು ಕೊಂಡಿತು.