ಮಚ್ಚು ಮಸೆಯಿರಿ, ಲಾಂಗು ಮಾಡಬೇಡಿ

ನಿಮ್ಮ ಮನೆಯ ಅಟ್ಟ ಹತ್ತಿ ಒಂದು ಸಲ ನೋಡಿ. ಹಳೇ ಗೋಣಿಚೀಲದೊಳಗೆ ತುಕ್ಕು ಹಿಡಿದ ಮಚ್ಚೋ, ಹಿಡಿ ಕಳಚಿದ ಕುಡುಗೋಲೋ, ಅಲಗು ಮೊಂಡಾದ ಈಳಿಗೆಮಣೆಯೋ ಸಿಕ್ಕೇ ಸಿಗುತ್ತದೆ. ಮುಂದಿನ ಸಲ ಗುಜರಿಯವರು ಬೀದಿಗೆ ಬಂದಾಗ ಅದು ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಹೋಗುತ್ತದೆ. ಕೊಡಬೇಡಿ. ಉಳಿಸಿಕೊಂಡ ಮೇಲೆ ಅದನ್ನು ಲಾಂಗು ಮಾಡಿಕೊಂಡು ಮೆರೆಯಲೂ ಬೇಡಿ. ನಮ್ಮ ಜಗಳ ಈ ಎರಡೂ ಚಾಳಿಯ ಮೇಲೆ.

ಹಳೇ ಕತ್ತಿಗಳಿಗೆ ಜೀವ ಕೊಡುವುದು ಈಗ ದೊಡ್ಡ ಹವ್ಯಾಸ. ತುಕ್ಕಿನ ಮುದ್ದೆಯಾಗಿದ್ದ ಕತ್ತಿ ಹತ್ತು ನಿಮಿಷದಲ್ಲಿ ಕನ್ನಡಿಯಂತೆ ಹೊಳೆಯುವ ವಿಡಿಯೊಗಳನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ನಾವೂ ವಿಜಯನಗರದ ಬಾಡಿಗೆ ಮನೆಯ ಟೆರೇಸಿನಲ್ಲಿ ಭಾನುವಾರ ಇದೇ ಕೆಲಸಕ್ಕೆ ಕೂರುತ್ತೇವೆ. ಊರಿಂದ ತಂದ ಮಚ್ಚು, ಕಾಮಾಕ್ಷಿಪಾಳ್ಯದ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕ ಚಾಕು, ಒಂದು ಸಾಣೆಕಲ್ಲು, ಒಂದು ಬಕೆಟ್ ನೀರು, ಇಷ್ಟೇ ಬಂಡವಾಳ. ಹಾಗಾಗಿ ಹವ್ಯಾಸದ ಮೇಲೆ ನಮಗೆ ಸಿಟ್ಟಿಲ್ಲ. ಅದು ಹಿಡಿದಿರುವ ದಾರಿಯ ಮೇಲೆ ಸಿಟ್ಟು.

2025ರ ಮಾರ್ಚಿನಲ್ಲಿ ನಮ್ಮ ಪಕ್ಕದ ಬಸವೇಶ್ವರನಗರದ ಪೊಲೀಸರು ಟಿವಿ ಷೋ ಒಂದರಿಂದ ಹೆಸರಾದ ಇಬ್ಬರನ್ನು ಬಂಧಿಸಿದರು. ಕಾರಣ, ಮಚ್ಚು ಹಿಡಿದು ಮಾಡಿದ ಒಂದು ರೀಲ್ಸ್. ಕೈಯಲ್ಲಿದ್ದದ್ದು ಫೈಬರ್‌ನದೋ ಕಬ್ಬಿಣದ್ದೋ ಎಂದು ವಾರಗಟ್ಟಲೆ ಚರ್ಚೆ ನಡೆಯಿತು. ಯಾರೂ ಕೇಳದ ಪ್ರಶ್ನೆ ಬೇರೆಯೇ ಇತ್ತು: ಎಳನೀರು ಕೆತ್ತುವ, ಸೌದೆ ಸೀಳುವ, ಬೇಲಿ ಸವರುವ ಮಚ್ಚು ಯಾವಾಗಿನಿಂದ ಗಂಡಸುತನ ತೋರಿಸುವ ವಸ್ತುವಾಯಿತು? 1995ರ 'ಓಂ' ಬಂದ ಮೇಲೆ ನಮ್ಮ ಸಿನಿಮಾ ಲಾಂಗನ್ನು ಕೈಬಿಟ್ಟೇ ಇಲ್ಲ. ತೆರೆಯ ಮೇಲಿದ್ದದ್ದು ಈಗ ಹುಡುಗರ ಫೋನಿಗೆ ಇಳಿದಿದೆ. ಊರ ಹುಡುಗರೂ ತಾತನ ಮಚ್ಚನ್ನು ವೆಲ್ಡಿಂಗ್ ಅಂಗಡಿಗೆ ಕೊಂಡೊಯ್ದು ಉದ್ದ ಮಾಡಿಸುತ್ತಾರೆ, ತುದಿ ಚೂಪು ಮಾಡಿಸುತ್ತಾರೆ, ಬೆನ್ನಿಗೆ ಗರಗಸದ ಹಲ್ಲು ಕೊರೆಸುತ್ತಾರೆ. ಇದಕ್ಕೆ 'ಮಾಡಿಫೈ' ಅಂತ ಹೆಸರು.

ಕಾನೂನು ಇಲ್ಲಿ ನಮಗಿಂತ ಜಾಣ. 1959ರ ಶಸ್ತ್ರಾಸ್ತ್ರ ಕಾಯ್ದೆ ಮನೆಬಳಕೆಗೆ ಅಥವಾ ಬೇಸಾಯಕ್ಕೆಂದೇ ಮಾಡಿದ ವಸ್ತುಗಳನ್ನು ಆಯುಧದ ಲೆಕ್ಕದಿಂದ ಹೊರಗಿಟ್ಟಿದೆ. 2016ರ ನಿಯಮಗಳು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಕತ್ತಿಗಳನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಆದರೆ ಅಲ್ಲೂ ಮನೆಗೆಲಸಕ್ಕೆ, ಬೇಸಾಯಕ್ಕೆ, ಕೈಗಾರಿಕೆಗೆ ಮಾಡಿದವನ್ನು ಬಿಟ್ಟಿವೆ. ಅಂದರೆ ಕಾನೂನು ಕೇಳುವುದು ಅಳತೆಯೊಂದನ್ನೇ ಅಲ್ಲ, ಇದನ್ನು ಯಾವ ಕೆಲಸಕ್ಕೆ ಮಾಡಿದ್ದು ಎಂದೂ ಕೇಳುತ್ತದೆ. ನಿಮ್ಮ ತಾತನ ಮಚ್ಚಿಗೆ ಆ ಪ್ರಶ್ನೆಗೆ ಉತ್ತರವಿತ್ತು. ಉದ್ದ ಮಾಡಿಸಿ, ಚೂಪು ಮಾಡಿಸಿ, ಬೈಕಿನ ಸೀಟಿನಡಿ ಇಟ್ಟುಕೊಂಡ ದಿನ ಆ ಉತ್ತರವನ್ನು ನೀವೇ ಅಳಿಸಿದಿರಿ.

ಲಾಂಗು ಮಾಡದವರೂ ತಪ್ಪು ಮಾಡುತ್ತಾರೆ. ಹೊಳಪು ಬರಲಿ ಎಂದು ಗ್ರೈಂಡಿಂಗ್ ಮಷೀನಿಗೆ ಒತ್ತಿ ಹಿಡಿಯುತ್ತಾರೆ. ಕಿಡಿ ಹಾರುತ್ತದೆ, ವಿಡಿಯೊ ಚೆನ್ನಾಗಿ ಬರುತ್ತದೆ, ಚಾಕು ಸಾಯುತ್ತದೆ. ಅಂಚು ನೀಲಿಗೆ ತಿರುಗಿತೆಂದರೆ ಅಲ್ಲಿ ಶಾಖ ಸುಮಾರು 300 ಡಿಗ್ರಿ ಮುಟ್ಟಿದೆ ಎಂದರ್ಥ. ಅಂಚು ಮೆತ್ತಗಾಯಿತು, ಇನ್ನು ಹರಿತ ನಿಲ್ಲುವುದಿಲ್ಲ. ಕಮ್ಮಾರ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಅದ್ದಿ, ಬಣ್ಣ ನೋಡಿ ನಿಲ್ಲಿಸಿದ ಹದ ಅದು. ಅರ್ಧ ನಿಮಿಷದಲ್ಲಿ ನಾವದನ್ನು ಸುಟ್ಟಿರುತ್ತೇವೆ. ಇದು ಬೇರೆಯವರ ಕಥೆಯಲ್ಲ. ನಾವು ಮೊದಲು ಕೈಹಾಕಿದ ಈಳಿಗೆಯನ್ನು ಹೀಗೇ ಕೆಡಿಸಿದೆವು.

ಆ ಹದ ಎಂಥವರ ಆಸ್ತಿ ಗೊತ್ತೇ? ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಮಾಗಡಿ ಕಡೆ ಕಬ್ಬಿಣ ಕರಗಿಸುವುದನ್ನೂ ಚನ್ನರಾಯನದುರ್ಗದ ಕಡೆ ಉಕ್ಕು ಮಾಡುವುದನ್ನೂ ಬರೆದಿಟ್ಟ. ಅದಕ್ಕೂ ಮೊದಲೇ, 1795ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಭಾರತದ ಉಕ್ಕಿನ ಪರೀಕ್ಷೆಯ ವರದಿ ಓದಲಾಗಿತ್ತು. ಅವರು ಅದನ್ನು 'ವೂಟ್ಜ್' ಎಂದು ಕರೆದರು. ಅದು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದದ್ದು ಎನ್ನುತ್ತಾರೆ ವಿದ್ವಾಂಸರು. ಇವತ್ತಿನ ಊರ ಮಚ್ಚು ಆ ಉಕ್ಕಲ್ಲ, ಹೆಚ್ಚಿನವು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದವು. ಆದರೆ ಆ ಪಟ್ಟಿಯೂ ಒಳ್ಳೆಯ ಉಕ್ಕೇ. ಅದನ್ನು ಹದಕ್ಕೆ ತರುವ ಕೈ ಮಾತ್ರ ಕಮ್ಮಿಯಾಗುತ್ತಿದೆ.

"ಐವತ್ತು ರೂಪಾಯಿಗೆ ಹೊಸ ಸ್ಟೀಲ್ ಚಾಕು ಸಿಗುವಾಗ ಹಳೇದಕ್ಕೆ ಯಾಕೆ ಒದ್ದಾಟ?" ಅಂತ ಕೇಳುವವರಿದ್ದಾರೆ. ಸರಿ, ಲೆಕ್ಕ ಹಾಕೋಣ. ಆ ತೆಳು ಚಾಕು ಮೊಂಡಾದರೆ ಬಿಸಾಡುತ್ತೀರಿ, ಇನ್ನೊಂದು ತರುತ್ತೀರಿ. ಮಚ್ಚನ್ನು ಮಸೆದರೆ ಮತ್ತೆ ಹರಿತ, ಹಿಡಿ ಹೋದರೆ ಇನ್ನೊಂದು ಹಿಡಿ. ನಿಮ್ಮ ಕೈಗೆ ತಾತನಿಂದ ಬಂದ ವಸ್ತುವಿನ ಬಾಳಿಕೆಗೆ ಬೇರೆ ಸಾಕ್ಷಿ ಬೇಕೇ?

ಸುಗ್ಗಿಯಲ್ಲಿ ಕಣದಿಂದಲೇ ಕಮ್ಮಾರರಿಗೆ ಆಯ ಅಳೆದುಕೊಡುತ್ತಿದ್ದ ಊರುಗಳು ನಮ್ಮವು. ಆ ಪದ್ಧತಿಯಲ್ಲಿ ಜಾತಿಯ ಕಟ್ಟೂ ಇತ್ತು, ಅದು ವಾಪಸ್ ಬರಲಿ ಎಂದು ನಾವು ಹೇಳುವುದಿಲ್ಲ. ಆದರೆ ಅದರ ಜಾಗದಲ್ಲಿ ನಾವು ಏನು ಇಟ್ಟೆವು? 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ಉಪಕರಣಕ್ಕೆ 15,000 ರೂಪಾಯಿ, ಮೇಲೆ ಕಡಿಮೆ ಬಡ್ಡಿಯ ಸಾಲ. ಒಳ್ಳೆಯದೇ. ಆದರೆ ಸರ್ಕಾರ ಸಾಲ ಕೊಡಬಹುದು, ಗಿರಾಕಿಗಳನ್ನು ಕೊಡಲಾಗದು. ಗಿರಾಕಿಗಳು ನಾವೇ ಆಗಬೇಕು.

ಆದ್ದರಿಂದ ಹೀಗೆ ಮಾಡಿ. ತುಕ್ಕಿಗೆ ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ, ಬೆಂಕಿಯಿಂದ ದೂರ ಇಡಿ. ಬೆಳಗ್ಗೆ ಉಪ್ಪುಕಾಗದದಿಂದ ಉಜ್ಜಿ. ಅಲಗಿನ ಕಪ್ಪು ಹೋಗಲಿಲ್ಲವೆಂದು ಕೊರಗಬೇಡಿ, ಅದು ವಯಸ್ಸು, ರೋಗವಲ್ಲ. ಕಲ್ಲಿನ ಮೇಲೆ ನೀರು ಹಾಕಿ ನಿಧಾನ ಮಸೆಯಿರಿ. ಸೋಪಿನಲ್ಲಿ ಚೆನ್ನಾಗಿ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿಡಿ. ಅಲಗು ಬಿರುಕು ಬಿಟ್ಟಿದ್ದರೆ, ಹದ ಹೋಗಿದ್ದರೆ, ಹಿಡಿ ಕೂರಿಸಬೇಕಿದ್ದರೆ ಕುಲುಮೆಗೆ ಕೊಂಡೊಯ್ಯಿರಿ. ಕೊಂಡೊಯ್ಯುವಾಗ ಗೋಣಿಯಲ್ಲಿ ಸುತ್ತಿ ಕಟ್ಟಿ. ಕೇಳಿದಷ್ಟು ಕೂಲಿ ಕೊಡಿ, ಚೌಕಾಸಿ ಬೇಡ. ಬೆಂಗಳೂರಿನವರು ಸೈಕಲ್ಲಿನಲ್ಲಿ ಸಾಣೆಚಕ್ರ ಹೊತ್ತು ಬರುವವರನ್ನು ಕೂಗಿ ನಿಲ್ಲಿಸಿ.

ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಚ್ಚಿಗೆ ಕುಂಕುಮ ಇಟ್ಟು, ಮರುವಾರ ಗುಜರಿಗೆ ಹಾಕುವುದು ಯಾವ ಭಕ್ತಿ? ಅದೇ ಮಚ್ಚನ್ನು ಎತ್ತಿ ಹಿಡಿದು ಸ್ಟೇಟಸ್ ಹಾಕುವುದು ಯಾವ ಪೌರುಷ? ಈ ಸಲದ ಪೂಜೆಗೆ ಮೊದಲು ಅಟ್ಟದಿಂದ ಅದನ್ನು ಇಳಿಸಿ, ಮಸೆದು, ಒಂದು ತೆಂಗಿನಕಾಯಿ ಒಡೆಯಿರಿ. ಮಾರನೆಯ ದಿನ ಅದೇ ಮಚ್ಚು ಹಿಡಿದು ಬೇಲಿ ಕೆಲಸಕ್ಕೆ ಹೋಗಿ.