ರಾತ್ರಿ ಗಾಡಿ ನಿಲ್ಲಿಸಲು ನಮಗೊಂದು ಅಂಗಳ ಕೊಡಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಬಾಗಲಕೋಟೆ;
ಜಿಲ್ಲಾ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳು;
ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ನಗರಸಭೆ ಹಾಗೂ ಬೀಳಗಿ ಪಟ್ಟಣ ಪಂಚಾಯಿತಿಯ ಅಧ್ಯಕ್ಷರು ಮತ್ತು ಸದಸ್ಯರು.

ವಿಷಯ: ರಾತ್ರಿ ಪ್ರಯಾಣಿಕರಿಗೆ ಬೆಳಕು, ನೀರು, ಶೌಚಾಲಯ, ಕಾವಲು ಇರುವ ತಂಗುದಾಣ ಒದಗಿಸುವ ಕುರಿತು.

ಮಾನ್ಯರೇ,

ಈ ನಾಲ್ಕು ತಾಲ್ಲೂಕುಗಳ ರಸ್ತೆಗಳಲ್ಲಿ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ, ಹೆಂಗಸರು, ಮಕ್ಕಳು, ವಯಸ್ಸಾದವರನ್ನು ಕೂರಿಸಿಕೊಂಡು ಹೊರಟ ಗಾಡಿ ಬೆಳಗಿನವರೆಗೆ ನಿರ್ಭಯವಾಗಿ ನಿಲ್ಲಬಹುದಾದ ಅಧಿಕೃತ ಜಾಗ ನನಗೆ ಇದುವರೆಗೆ ಸಿಕ್ಕಿಲ್ಲ. ಧಾಬಾ ಇವೆ, ಪೆಟ್ರೋಲ್ ಪಂಪ್ ಇವೆ, ಲಾಡ್ಜ್ ಇವೆ. ಆದರೆ "ಇಲ್ಲಿ ನಿಲ್ಲಿಸಿ, ಇಲ್ಲಿ ಮಲಗಿ, ಇಲ್ಲಿ ನೀರಿದೆ, ಏನಾದರೂ ಆದರೆ ಇವರನ್ನು ಕೇಳಿ" ಎಂದು ಸರ್ಕಾರದ ಹೆಸರಿನಲ್ಲಿ ಹೇಳುವ ಒಂದು ಫಲಕವಿಲ್ಲ. ಈ ಪತ್ರ ಅದಕ್ಕಾಗಿ.

ನಮ್ಮ ಭಾಗದಲ್ಲಿ ಎಲ್ಲವೂ ರಸ್ತೆಯ ಮೇಲೆಯೇ ನಡೆಯಬೇಕು. ಬಾಗಲಕೋಟೆ-ಕುಡಚಿ ರೈಲು ಮಾರ್ಗ ಇನ್ನೂ ಪೂರ್ಣಗೊಂಡಿಲ್ಲ. ವಿಜಯಪುರದಿಂದ ಧಾರವಾಡಕ್ಕೆ ಹೋಗುವವರು ಜಮಖಂಡಿ, ಮುಧೋಳ, ಲೋಕಾಪುರ ಹಾದು ಹೋಗುತ್ತಾರೆ. ನಿಪ್ಪಾಣಿ ಕಡೆಯಿಂದ ಬರುವವರು ಮಹಾಲಿಂಗಪುರದ ಮೇಲೆ ಮುಧೋಳಕ್ಕೆ ಬರುತ್ತಾರೆ. ಸೊಲ್ಲಾಪುರ-ಹುಬ್ಬಳ್ಳಿ ನಡುವಿನ ರಾಷ್ಟ್ರೀಯ ಹೆದ್ದಾರಿ 52 ಬೀಳಗಿ ತಾಲ್ಲೂಕನ್ನು ಸೀಳಿಕೊಂಡು, ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ, ಗೋಳಗುಮ್ಮಟ ನೋಡಲು ಮಹಾರಾಷ್ಟ್ರ, ಗೋವಾಗಳಿಂದ ಬರುವವರಿಗೂ ಇವೇ ದಾರಿ. ಮಿರಜ್ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯುವ ಮನೆಯವರು, ರಬಕವಿ-ಬನಹಟ್ಟಿಯ ಮಗ್ಗದ ಸೀರೆ ಹೇರಿಕೊಂಡು ಹೊರಟ ವ್ಯಾಪಾರಿಗಳು, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೋ ಚಿಂಚಲಿ ಮಾಯಕ್ಕನ ಜಾತ್ರೆಗೋ ಹೊರಟ ಭಕ್ತರು, ಎಲ್ಲರೂ ಈ ರಸ್ತೆಗಳ ಮೇಲೇ ಇರುತ್ತಾರೆ.

ಗಾಡಿಯಲ್ಲೇ ಮಲಗಿ, ಗಾಡಿಯ ಬದಿಗೇ ಒಲೆ ಹೂಡಿ ಊರೂರು ದಾಟುವುದು ನಮ್ಮ ಜನಕ್ಕೆ ಹೊಸದಲ್ಲ. ನಮ್ಮ ಅಜ್ಜಂದಿರು ಕೊಲ್ಲಾರಿ ಬಂಡಿ ಕಟ್ಟಿಕೊಂಡು, ರೊಟ್ಟಿ-ಚಟ್ನಿಯ ಬುತ್ತಿ ಹೇರಿಕೊಂಡು, ದಾರಿಯಲ್ಲಿ ವಸ್ತಿ ಮಾಡುತ್ತ ಜಾತ್ರೆ ಮುಟ್ಟುತ್ತಿದ್ದರು. ಈಗ ಬಂಡಿಯ ಜಾಗಕ್ಕೆ ತಾಡಪತ್ರಿ ಕಟ್ಟಿದ ಟ್ರ್ಯಾಕ್ಟರ್, ಕ್ರೂಸರ್, ಟೆಂಪೊ ಟ್ರಾವೆಲರ್ ಬಂದಿವೆ. ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕ್ ಕೂಡಿಸಿದ ಕ್ಯಾರವಾನ್‌ಗಳೂ ಈಚೆಗೆ ಕಾಣುತ್ತಿವೆ. ಅಜ್ಜಂದಿರಿಗೆ ಊರ ಹೊರಗಿನ ಗುಡಿಯ ಕಟ್ಟೆ, ಬಾವಿ, ಆಲದ ನೆರಳು, ಧರ್ಮಸಾಲೆ ಇದ್ದವು. ಗಾಡಿ ಬದಲಾಯಿತು, ವೇಗ ಹೆಚ್ಚಿತು. ವಸ್ತಿಯ ಜಾಗ ಮಾತ್ರ ಇಲ್ಲವಾಯಿತು.

ಇದು ಬರೀ ಅನಾನುಕೂಲದ ಮಾತಲ್ಲ ಎಂಬುದಕ್ಕೆ ನಮ್ಮ ಮನೆಯದೇ ಒಂದು ರಾತ್ರಿಯನ್ನು ಹೇಳುತ್ತೇನೆ. ವಿಜಯಪುರದ ಕಡೆಯಿಂದ ಮರಳುತ್ತಿದ್ದೆವು. ಚಾಲಕನಿಗೆ ತೂಕಡಿಕೆ ಶುರುವಾಗಿತ್ತು. ಅವ್ವನಿಗೆ ಸಕ್ಕರೆ ಕಾಯಿಲೆ, ಆಗಾಗ ಇಳಿಯಲೇಬೇಕು. ಪೆಟ್ರೋಲ್ ಪಂಪ್ ಒಂದರಲ್ಲಿ ನಿಲ್ಲಿಸಿದೆವು. ಶೌಚಾಲಯಕ್ಕೆ ಬೀಗ. ಕೇಳಿದರೆ, "ಕೀಲಿ ಮಾಲಕರ ಹತ್ರ ಐತ್ರಿ, ಅವ್ರು ಮನಿಗೆ ಹೋಗ್ಯಾರ" ಎಂದ ಹುಡುಗ. ಮುಂದೆ ಒಂದು ಧಾಬಾ. ಅಲ್ಲಿ ಬಾಗಿಲಿತ್ತು, ಚಿಲಕವಿರಲಿಲ್ಲ. ಬಲ್ಬಿನ ಹೋಲ್ಡರ್ ಇತ್ತು, ಬಲ್ಬ್ ಇರಲಿಲ್ಲ. ನಲ್ಲಿ ತಿರುಗಿಸಿದರೆ ಬರೀ ಗಾಳಿ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದು, ಮೊಬೈಲ್ ಬೆಳಕು ಒಡ್ಡಿಕೊಂಡು ನಿಲ್ಲಬೇಕು. ಅತ್ತ ಲಾರಿಗಳು ಹಿಂದಕ್ಕೂ ಮುಂದಕ್ಕೂ ಸರಿಯುತ್ತಿದ್ದವು. ಸಾಕೆಂದು ರಸ್ತೆ ಬದಿಗೆ ಗಾಡಿ ಹಚ್ಚಿ ತುಸು ಕಣ್ಣು ಮುಚ್ಚಿದಾಗ ಗಸ್ತಿನ ಪೊಲೀಸರು ಬಂದು, ಇಲ್ಲಿ ನಿಲ್ಲಿಸಬೇಡಿ ಎಂದರು. ಅವರ ಮಾತು ಸರಿಯಾದದ್ದೇ. ಹಿಂದಿನಿಂದ ಬರುವ ಲಾರಿಗೆ ನಮ್ಮ ಗಾಡಿ ಕಾಣದಿದ್ದರೆ ಗತಿಯೇನು? ಆದರೆ, "ಹಂಗಾದ್ರ ಎಲ್ಲಿ ನಿಲ್ಲಸೂನ್ರಿ, ಸಾಹೇಬ್ರ?" ಎಂದು ಕೇಳಿದರೆ ಅವರ ಬಳಿಯೂ ಉತ್ತರವಿರಲಿಲ್ಲ. ಇಡೀ ಕುಂದುಕೊರತೆ ಆ ಒಂದು ಪ್ರಶ್ನೆಯಲ್ಲಿದೆ. ಉತ್ತರ ಕೊಡಬೇಕಾದವರು ತಾವು.

ಇದರ ಬೇಗೆ ಮೊದಲು ತಟ್ಟುವುದು ಹೆಂಗಸರಿಗೆ. ಪ್ರಯಾಣವಿದೆ ಎಂದರೆ ನಮ್ಮ ಅಕ್ಕತಂಗಿಯರು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಉರಿಮೂತ್ರ, ಹೊಟ್ಟೆನೋವು ಕಟ್ಟಿಕೊಂಡು ಮನೆಗೆ ಬರುತ್ತಾರೆ. ಗರ್ಭಿಣಿಯರ, ಮುಟ್ಟಾದ ಹುಡುಗಿಯರ ಪಾಡು ಹೇಳತೀರದು. ಕಬ್ಬು ಆಳೆತ್ತರ ನಿಂತಿದ್ದಾಗ ಗದ್ದೆಯ ಮರೆ ಇರುತ್ತದೆ, ಜೊತೆಗೆ ಹಾವು, ಹಂದಿಯ ಭಯವೂ ಇರುತ್ತದೆ. ಕಬ್ಬು ಕಡಿದ ಮೇಲೆ ಆ ಮರೆಯೂ ಇಲ್ಲ. 2014ರಿಂದ ಸ್ವಚ್ಛ ಭಾರತದ ಹೆಸರಿನಲ್ಲಿ ಮನೆಮನೆಗೆ ಶೌಚಾಲಯ ಕಟ್ಟಿಸಿದೆವು, ಬಯಲಕಡೆ ಹೋಗಬಾರದು ಎಂದು ಗೋಡೆಗಳ ಮೇಲೆ ಬರೆಸಿದೆವು. ಅದೇ ಹೆಣ್ಣುಮಗಳು ಊರು ಬಿಟ್ಟು ಇಪ್ಪತ್ತು ಕಿಲೋಮೀಟರ್ ದಾಟಿದರೆ ಮತ್ತೆ ಬಯಲೇ ಗತಿ.

ಎರಡನೆಯ ಪೆಟ್ಟು ದುಡಿಯುವ ಚಾಲಕರಿಗೆ. ಕಬ್ಬಿನ ಹಂಗಾಮು ಶುರುವಾದರೆ ನಾಲ್ಕೂ ತಾಲ್ಲೂಕುಗಳ ರಸ್ತೆಗಳಲ್ಲಿ ಡಬಲ್ ಟ್ರೇಲರ್ ಟ್ರ್ಯಾಕ್ಟರ್‌ಗಳ ಸಾಲು. ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮುಂದೆ ಪಾಳಿ ಕಾಯುತ್ತ ಹುಡುಗರು ಟ್ರ್ಯಾಕ್ಟರಿನ ಸೀಟಿನ ಮೇಲೆಯೇ ರಾತ್ರಿ ಕಳೆಯುತ್ತಾರೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬರುವ ಕಬ್ಬು ಕಡಿಯುವ ಗ್ಯಾಂಗಿನವರು ಹೆಂಡತಿ, ಮಕ್ಕಳು, ಎತ್ತುಗಳ ಸಮೇತ ಬಯಲಿನಲ್ಲಿ ಜೋಪಡಿ ಹಾಕುತ್ತಾರೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಾರಿಗೆ ಸಂಸ್ಥೆಗಳಿಗೆ ಸ್ಪಷ್ಟವಾಗಿ ಹೇಳಿತ್ತು: ಕಾರ್ಮಿಕರು ರಾತ್ರಿ ತಂಗಲೇಬೇಕಾದ ಸ್ಥಳದಲ್ಲಿ ವಿಶ್ರಾಂತಿ ಕೊಠಡಿ ಅಥವಾ ಸರಿಯಾದ ಬದಲಿ ವ್ಯವಸ್ಥೆ ಮಾಡುವುದು ಮಾಲೀಕನ ಹೊಣೆ. ಆದರೆ ಸ್ವಂತದ ಒಂದೇ ಲಾರಿ ಓಡಿಸುವವನಿಗೆ, ಬಾಡಿಗೆ ಕ್ರೂಸರ್ ಹೊಡೆಯುವವನಿಗೆ ಮಾಲೀಕ ಯಾರು? ಅವನಿಗೂ ನಿದ್ದೆ ಬೇಕು. ನಿದ್ದೆಗೆಟ್ಟ ಚಾಲಕ ತನ್ನ ಗಾಡಿಯಲ್ಲಿ ಕುಳಿತವರಿಗೆ ಮಾತ್ರವಲ್ಲ, ಎದುರಿಗೆ ಬರುವವರಿಗೂ ಅಪಾಯ. ತಂಗುದಾಣವನ್ನು ರಸ್ತೆ ಸುರಕ್ಷತೆಯ ಕೆಲಸವೆಂದೇ ತಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಜನ ದಾರಿಹೋಕರನ್ನು ಕೈಬಿಟ್ಟವರಲ್ಲ. ಯುಗಾದಿಗೆ ಮುಂಚೆ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರನ್ನು ನೋಡಿ. ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ ಕಡೆಯವರಲ್ಲದೆ ಮಹಾರಾಷ್ಟ್ರದ ಭಕ್ತರೂ ಸೇರಿ, ಬಿಸಿಲೆನ್ನದೆ ನೂರಾರು ಕಿಲೋಮೀಟರ್ ನಡೆದು ನಲ್ಲಮಲ ಕಾಡಿನ ಗುಡ್ಡ ಏರುತ್ತಾರೆ. ದಾರಿಯ ಹಳ್ಳಿಗಳವರು ಪೆಂಡಾಲು ಹಾಕಿ ದಾಸೋಹ ಮಾಡುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಯಾರೂ ಯಾರ ಜಾತಿ, ಊರು ಕೇಳುವುದಿಲ್ಲ. ಅನ್ನ, ನೀರು, ನೆರಳು ಕೊಡುವುದನ್ನು ಜನ ತಾವೇ ಹೊತ್ತಿದ್ದಾರೆ. ಆದರೆ ಶೌಚಾಲಯ, ಚರಂಡಿ, ದೀಪದ ಕಂಬ, ರಾತ್ರಿಯ ಕಾವಲು ಭಕ್ತಿಯಿಂದ ಆಗುವ ಕೆಲಸಗಳಲ್ಲ. ಅವಕ್ಕೆ ಜಾಗ, ಅನುದಾನ, ಸಿಬ್ಬಂದಿ, ಹೊಣೆಗಾರಿಕೆ ಬೇಕು. ಜನ ತಮ್ಮ ಪಾಲಿನದನ್ನು ಮಾಡಿಯಾಗಿದೆ. ಸರ್ಕಾರದ ಪಾಲು ಬಾಕಿ ಇದೆ.

ಇದು ಹೊಸ ಬೇಡಿಕೆಯೂ ಅಲ್ಲ. ಬ್ರಿಟಿಷರ ಕಾಲದ 1867ರ ಸರಾಯಿ, ಅಂದರೆ ದಾರಿಹೋಕರ ಛತ್ರಗಳ, ಕಾಯ್ದೆಯನ್ನೇ ತೆಗೆದು ನೋಡಿ. ಸರಾಯಿ ನಡೆಸುವವನು ಕೋಣೆ, ಪಡಸಾಲೆ, ಚರಂಡಿ, ಬಾವಿಗಳನ್ನು ಚೊಕ್ಕಟವಾಗಿ ಇಡಬೇಕು. ತಂಗಿದ ಜನರ, ದನಗಳ, ಗಾಡಿಗಳ ರಕ್ಷಣೆಗೆ ಬೇಕಾದಷ್ಟು ಕಾವಲುಗಾರರನ್ನು ಇಡಬೇಕು. ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂದು ಅದರಲ್ಲಿ ಬರೆದಿದೆ. ಸ್ವಚ್ಛತೆ, ನೀರು, ಕಾವಲು, ದರಪಟ್ಟಿ: ಎತ್ತಿನ ಗಾಡಿಯ ಕಾಲದ ಕಾನೂನು ಇಷ್ಟನ್ನು ಯೋಚಿಸಿತ್ತು. ನಾವು ಇಂದು ಕೇಳುತ್ತಿರುವುದೂ ಇಷ್ಟನ್ನೇ.

ಬೇರೆಯವರು ಮಾಡಿ ತೋರಿಸಿದ್ದಾರೆ. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದಿತು, ಅದರ ಬೆನ್ನಿಗೆ ವಾಗಮಣ್‌ನಲ್ಲಿ ಕ್ಯಾರವಾನ್ ನಿಲ್ಲುವ ಪಾರ್ಕ್ ಶುರುವಾಯಿತು. ನಮಗೆ ಹೆಚ್ಚು ಒಪ್ಪುವ ಮಾದರಿ ಜಪಾನಿನದು. 1993ರಲ್ಲಿ ಅಲ್ಲಿ ಅಧಿಕೃತವಾಗಿ ಶುರುವಾದ 'ಮಿಚಿ-ನೊ-ಎಕಿ' ಎಂಬ ರಸ್ತೆಬದಿಯ ನಿಲ್ದಾಣಗಳು ಇಂದು ಸಾವಿರಕ್ಕೂ ಮಿಕ್ಕಿವೆ. ಗಾಡಿ ನಿಲ್ಲಿಸುವ ಜಾಗ, ಶೌಚಾಲಯ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತವೆ. ಪಕ್ಕದಲ್ಲೇ ಆ ಊರಿನ ರೈತರ ಕಾಯಿಪಲ್ಲೆ, ಹಣ್ಣು, ಕೈಕೆಲಸದ ಸಾಮಾನು ಮಾರುತ್ತಾರೆ. ನಮ್ಮಲ್ಲಿ ಮಾರಲು ಏನು ಕಡಿಮೆ ಇದೆ? ಮಹಾಲಿಂಗಪುರದ ಬೆಲ್ಲ, ರಬಕವಿ-ಬನಹಟ್ಟಿಯ ಸೀರೆ, ಹೆಣ್ಣುಮಕ್ಕಳು ಬಡಿದ ಕಟಕ್ ರೊಟ್ಟಿ, ಶೇಂಗಾ ಹೋಳಿಗೆ. ರಾತ್ರಿ ತಂಗಿದವನು ಬೆಳಿಗ್ಗೆ ಚಹಾ ಕುಡಿದು, ಏನಾದರೂ ಕೊಂಡೇ ಹೋಗುತ್ತಾನೆ. ರನ್ನನ ಮುಧೋಳವನ್ನೋ ಜಮಖಂಡಿಯ ರಾಮತೀರ್ಥದ ಅರಮನೆಯನ್ನೋ ನೋಡಿ ಹೋಗೋಣ ಎನ್ನಲೂಬಹುದು. ನಿಲ್ಲಲು ಜಾಗವಿಲ್ಲದವನು ನೇರ ಹುಬ್ಬಳ್ಳಿಗೋ ಬೆಳಗಾವಿಗೋ ಗಾಡಿ ಬಿಡುತ್ತಾನೆ.

ಶೌಚಾಲಯ ಕಟ್ಟಿದ್ದೇವಲ್ಲ ಎಂದು ತಾವು ಹೇಳಬಹುದು. ಕಟ್ಟಿದ್ದು ನಿಜ, ಅದು ಹಾಳಾಗುವ ಬಗೆಯೂ ಎಲ್ಲರಿಗೂ ಗೊತ್ತು. ಕಟ್ಟಡಕ್ಕೆ ಅನುದಾನ ಬರುತ್ತದೆ, ನಿರ್ವಹಣೆಗೆ ಬರುವುದಿಲ್ಲ. ಗುತ್ತಿಗೆದಾರ ಬಿಲ್ಲು ಪಡೆದು ಹೋಗುತ್ತಾನೆ. ಮೋಟಾರು ಸುಟ್ಟರೆ ರಿಪೇರಿ ಯಾರದು ಎಂಬುದು ಇತ್ಯರ್ಥವಾಗುವುದಿಲ್ಲ. ಗುಂಡಿ ತುಂಬಿದರೆ ಸಕ್ಕಿಂಗ್ ಮಷಿನ್ ಬರುವುದಿಲ್ಲ. ಕೊನೆಗೆ ಹೊಲಸು ತಡೆಯಲು ಉಳಿಯುವ ಒಂದೇ ಉಪಾಯ ಬೀಗ. ಆದ್ದರಿಂದ ನಾವು ಕೇಳುವುದು ಕಟ್ಟಡವನ್ನಲ್ಲ, ದಿನನಿತ್ಯ ನಡೆಯುವ ವ್ಯವಸ್ಥೆಯನ್ನು. ನಮ್ಮ ಬೇಡಿಕೆಗಳು ಇವು:

1. ನಾಲ್ಕೂ ಊರುಗಳಲ್ಲಿ ಒಂದೊಂದು ರಾತ್ರಿ ತಂಗುದಾಣ ಗುರುತಿಸಿ. ಹೊಸ ಜಾಗ ಖರೀದಿಸಬೇಕಿಲ್ಲ. ಕಾಂಪೌಂಡ್, ಗೇಟು, ದೀಪ ಇರುವ ಎಪಿಎಂಸಿ ಪ್ರಾಂಗಣದ ಒಂದು ಮೂಲೆಯೋ ನಗರಸಭೆಯ ಖಾಲಿ ನಿವೇಶನವೋ ಸಾಕು. ಬೀಳಗಿಯಲ್ಲಿ ಹೆದ್ದಾರಿಗೆ ಹತ್ತಿರವಿರಲಿ.

2. ಕುಟುಂಬದ ಗಾಡಿಗಳಿಗೂ ಸರಕಿನ ಗಾಡಿಗಳಿಗೂ ಬೇರೆ ಬೇರೆ ಬದಿ ಇರಲಿ. ಹೆಂಗಸರ ಶೌಚಾಲಯ, ಸ್ನಾನದ ಕೋಣೆಗಳು ಕಾವಲುಗಾರನ ಕೋಣೆಯಿಂದ ಕಾಣುವಷ್ಟು ಹತ್ತಿರ, ಬೆಳಕಿನಲ್ಲಿರಲಿ. ಒಳಚಿಲಕ, ನೀರು, ಮುಚ್ಚಳವಿರುವ ಕಸದ ಡಬ್ಬಿ ಕಡ್ಡಾಯವಾಗಲಿ. ವಯಸ್ಸಾದವರು, ಅಂಗವಿಕಲರಿಗೆ ಇಳಿಜಾರು ದಾರಿ ಇರಲಿ.

3. ಕ್ಯಾರವಾನ್‌ಗಳು ಶೌಚದ ಟ್ಯಾಂಕನ್ನು ಹಳ್ಳಕ್ಕೋ ಹೊಲಕ್ಕೋ ಖಾಲಿ ಮಾಡದಂತೆ, ಒಳಚರಂಡಿಗೋ ಮುಚ್ಚಿದ ಗುಂಡಿಗೋ ಜೋಡಿಸಿದ ಒಂದು ಬಾಯಿ ಕಟ್ಟಿಸಿ. ಕೃಷ್ಣೆ, ಘಟಪ್ರಭೆಯ ನೀರನ್ನೇ ನಾವು ಕುಡಿಯುತ್ತೇವೆ.

4. ನಿರ್ವಹಣೆಯನ್ನು ಸ್ಥಳೀಯ ಸ್ತ್ರೀಶಕ್ತಿ ಸಂಘಗಳಿಗೆ ವಹಿಸಿ, ಶುಲ್ಕದ ಹಣ ಅಲ್ಲೇ ಬಳಕೆಯಾಗಲಿ. ಗೇಟಿನಲ್ಲಿ ಗಾಡಿಯ ನಂಬರು ಬರೆದುಕೊಳ್ಳಲಿ. ಪೊಲೀಸ್ ಗಸ್ತಿನ ಪುಸ್ತಕ ಅಲ್ಲಿಯೂ ಇರಲಿ.

5. ಪೆಟ್ರೋಲ್ ಪಂಪ್‌ಗಳಲ್ಲಿ ಗ್ರಾಹಕರಿಗೆ ಶೌಚಾಲಯ, ಕುಡಿಯುವ ನೀರು ಇರಬೇಕೆಂದು ತೈಲ ಕಂಪನಿಗಳ ನಿಯಮಗಳೇ ಹೇಳುತ್ತವೆ. ಬೀಗ ಹಾಕಿದ್ದರೆ ಯಾರಿಗೆ ದೂರು ಕೊಡಬೇಕು ಎಂಬ ಫಲಕವನ್ನು ಪ್ರತಿ ಪಂಪಿನಲ್ಲೂ ಕನ್ನಡದಲ್ಲಿ ಹಾಕಿಸಿ. ರಾತ್ರಿ ತಪಾಸಣೆ ಮಾಡಿಸಿ.

6. ಹಂಗಾಮಿನ ತಿಂಗಳುಗಳಲ್ಲಿ, ಪಾದಯಾತ್ರೆಯ ದಿನಗಳಲ್ಲಿ ಸಂಚಾರಿ ಶೌಚಾಲಯ, ನೀರಿನ ಟ್ಯಾಂಕರ್ ನಿಲ್ಲಿಸಿ.

ಹಣ ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ. ನಾವು ಬಿಟ್ಟಿ ಕೇಳುತ್ತಿಲ್ಲ. ಚೊಕ್ಕಟವಾದ ಜಾಗಕ್ಕೆ ನ್ಯಾಯವಾದ ದರ ಕೊಡಲು ಕುಟುಂಬಗಳೂ ಸಿದ್ಧ, ಚಾಲಕರೂ ಸಿದ್ಧ. ಈ ನೆಲದ ಜನ ಎಂಥವರು ಎಂಬುದು ತಮಗೂ ತಿಳಿದಿದೆ. ಸರ್ಕಾರ ಮುಂದೆ ಬಾರದಿದ್ದಾಗ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಊರುಗಳಿವು. ನದಿಗೆ ಅಡ್ಡಗಟ್ಟಿದ ಜನ ಒಂದು ಅಂಗಳಕ್ಕೆ ಶುಲ್ಕ ಕೊಡಲು ಹಿಂದೆಮುಂದೆ ನೋಡುವುದಿಲ್ಲ. ತಾವು ಜಾಗ ಗುರುತಿಸಿ, ಆದೇಶ ಹೊರಡಿಸಿ, ಹೊಣೆ ಯಾರದೆಂದು ಬರೆದು ಕೊಡಿ. ಉಳಿದದ್ದಕ್ಕೆ ನಾವಿದ್ದೇವೆ.

ಓದುಗರಲ್ಲೂ ಒಂದು ಮಾತು. ನಿಮ್ಮೂರಿನ ರಸ್ತೆಯಲ್ಲಿ ಬೀಗ ಬಿದ್ದ ಶೌಚಾಲಯ ಕಂಡರೆ ಸುಮ್ಮನೆ ಮುಂದೆ ಹೋಗಬೇಡಿ. ಜಾಗ, ದಿನಾಂಕ, ಸಮಯ ಬರೆದು ನಗರಸಭೆಗೋ ಪಂಚಾಯಿತಿಗೋ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆದುಕೊಳ್ಳಿ. ಬಾಯಿಮಾತಿನ ದೂರಿಗೆ ಕಡತವಿಲ್ಲ, ಕಡತವಿಲ್ಲದ ದೂರಿಗೆ ಉತ್ತರವಿಲ್ಲ.

ಮಾನ್ಯ ಜಿಲ್ಲಾಧಿಕಾರಿಗಳೇ, ಈ ವಿಷಯವನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿನ ಸಭೆಯಲ್ಲಿ ಇಡಿ. ನಾಲ್ಕೂ ಸ್ಥಳೀಯ ಸಂಸ್ಥೆಗಳಿಂದ ಜಾಗದ ಪ್ರಸ್ತಾವ ತರಿಸಿಕೊಳ್ಳಿ. ಬರುವ ಕಬ್ಬಿನ ಹಂಗಾಮು ಶುರುವಾಗುವ ಮೊದಲು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಒಂದೊಂದು ಅಂಗಳದ ಗೇಟು ರಾತ್ರಿಯೂ ತೆರೆದಿರುವಂತೆ ಮಾಡಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ರಬಕವಿ-ಬನಹಟ್ಟಿಯ ಒಬ್ಬ ನಾಗರಿಕ